ಕೈ ಮುರಿದ ದ್ವಾರಪಾಲಕ

ಶಿವಾರಪಟ್ಟಣ ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುವ ಊರು. ಬಸ್ಸಿಳಿದು ನಾಲ್ಕು ಹೆಜ್ಜೆ ಹಾಕುವುದರೊಳಗೆ ಟಣ್ ಟಣ್ ಎಂದು ಚಾಣದ ಸದ್ದು ಶುರುವಾಗುತ್ತದೆ. ಒಂದು ಮನೆಯದು ನಿಂತರೆ ಪಕ್ಕದ ಮನೆಯದು ಎತ್ತಿಕೊಳ್ಳುತ್ತದೆ, ಭಜನೆಯಲ್ಲಿ ಒಬ್ಬ ಬಿಟ್ಟ ಸಾಲನ್ನು ಇನ್ನೊಬ್ಬ ಹಿಡಿಯುವ ಹಾಗೆ. ಈಚೀಚೆಗೆ ನಡುವೆ ಕಟಿಂಗ್ ಮಿಷನ್ನೂ ಬಾಯಿ ಹಾಕುತ್ತದೆ. ಅದು ಬಾಯಿ ಹಾಕಿತೆಂದರೆ ಮಿಕ್ಕವರೆಲ್ಲ ಮಾತು ನಿಲ್ಲಿಸಬೇಕು. ಮನೆಮನೆಯ ಮುಂದೆ ಅರ್ಧಂಬರ್ಧ ಎದ್ದ ದೇವರುಗಳು: ಸೊಂಡಿಲು ಇನ್ನೂ ಮೂಡದ ಗಣಪತಿ, ಮೊಣಕಾಲಿನವರೆಗೆ ಮಾತ್ರ ಹೊರಬಂದ ಆಂಜನೇಯ, ಮುಖವೆಲ್ಲ ಮುಗಿದು ಕಣ್ಣು ಮಾತ್ರ ಬಿಡಿಸದೆ ಉಳಿದ ಅಮ್ಮನವರು. ಕೃಷ್ಣಶಿಲೆ ಎಂದು ಹೆಸರು, ಆದರೆ ಕೆತ್ತುವಾಗ ಕಲ್ಲು ಬೂದಿ ಬಣ್ಣಕ್ಕಿರುತ್ತದೆ. ನಯ ಮಾಡಿ ಎಣ್ಣೆ ಸವರಿದ ಮೇಲೆಯೇ ಅದು ಕೃಷ್ಣನಾಗುವುದು. ಅಲ್ಲಿಯವರೆಗೆ ಕಲ್ಲು, ಕಲ್ಲುಕುಟಿಗ, ಅವನ ಮೋಟರ್ ಬೈಕು, ಪಕ್ಕದಲ್ಲಿ ಕೂತ ನನ್ನಂಥ ಸೋಮಾರಿ, ಎಲ್ಲರದೂ ಒಂದೇ ಬಣ್ಣ.

ನಾನು ಮೇಷ್ಟರಾಗಿದ್ದು ರಿಟೈರಾದವನು. ಇತಿಹಾಸ ಹೇಳಿಕೊಟ್ಟವನು. ಕೇಳುವ ಮಕ್ಕಳಿಲ್ಲದ ಇತಿಹಾಸದ ಮೇಷ್ಟರಷ್ಟು ಅನಾಥ ಪ್ರಾಣಿ ಇನ್ನೊಂದಿಲ್ಲ. ಹೀಗಾಗಿ ಭಾನುವಾರ ಬೆಳಿಗ್ಗೆ ಮಾಲೂರಿನಿಂದ ಬಸ್ಸು ಹತ್ತಿ ಇಲ್ಲಿಗೆ ಬಂದು ನನ್ನ ಸ್ನೇಹಿತರಾದ ಆಚಾರ್ರ ಶೆಡ್ಡಿನಲ್ಲಿ ಕೂರುವುದು ಅಭ್ಯಾಸವಾಗಿದೆ. ಅವರ ಕೈಗೆ ಕೆಲಸ ಇರುತ್ತದೆ, ಕಿವಿ ಖಾಲಿ ಇರುತ್ತದೆ. ನನಗೆ ಬೇಕಾದದ್ದೂ ಅಷ್ಟೇ. ನನಗೆ ಮಂಡಿನೋವು, ನೆಲದ ಮೇಲೆ ಕೂರಲಾಗುವುದಿಲ್ಲ. ಮೊದಲ ಸಲ ಬಂದಾಗ ನಾನು ಕೂರಲು ಒದ್ದಾಡಿದ್ದನ್ನು ಆಚಾರ್ರು ನೋಡಿದರೋ ಇಲ್ಲವೋ ಗೊತ್ತಾಗಲಿಲ್ಲ, ತಲೆ ಎತ್ತಿದ ಹಾಗಂತೂ ಕಾಣಲಿಲ್ಲ. ಎರಡನೆಯ ಭಾನುವಾರ ಬಂದರೆ, ಕೆತ್ತದೆ ಬಿಟ್ಟ ಒಂದು ಪೀಠದ ಕಲ್ಲು ಗೋಡೆಗೆ ಒರಗಿಕೊಂಡಿತ್ತು. ಅದರ ಮೇಲೆ ಖಾಲಿ ಸಿಮೆಂಟು ಚೀಲ ನಾಲ್ಕು ಮಡಿಕೆ ಮಾಡಿ ಹಾಸಿತ್ತು. ಅಂದಿನಿಂದ ಅದು ನನ್ನ ಜಾಗ. ಬೇರೆ ಯಾರಾದರೂ ಅಲ್ಲಿ ಕೂರಲು ಹೋದರೆ ಕೆಲಸ ಕಲಿಯುವ ಹುಡುಗ, “ಅದು ಮೇಷ್ಟ್ರುದು” ಎಂದು ಎಬ್ಬಿಸುತ್ತಾನೆ.

ಆ ಜಾಗದ ಎದುರಿಗೆ ಒಬ್ಬ ದ್ವಾರಪಾಲಕ ನಿಂತಿದ್ದಾನೆ. ನಾಲ್ಕಡಿ ಎತ್ತರ. ಕಿರೀಟ, ಹಾರ, ಸೊಂಟದ ಪಟ್ಟಿ ಎಲ್ಲ ಮುಗಿದು, ಗದೆ ಹಿಡಿದ ಬಲಗೈ ಕೆತ್ತುವಾಗ ಮೊಣಕೈಗಿಂತ ಮೇಲಕ್ಕೆ ಮುರಿದು ಬಿತ್ತಂತೆ. “ಒಳಗೆ ನರ ಇತ್ತು ಮೇಷ್ಟ್ರೇ. ಬಡಿದು ನೋಡ್ದಾಗ ಗಂಟೆ ತರಾ ಉಲೀತು. ಮೂರು ತಿಂಗಳು ನನ್ ಹತ್ರ ಬಾಯೇ ಬಿಡ್ಲಿಲ್ಲ, ಕಳ್ಳ” ಎಂದರು ಆಚಾರ್ರು. ಕಲ್ಲನ್ನು ಆರಿಸುವಾಗ ಸುತ್ತಿಗೆಯಲ್ಲಿ ತಟ್ಟಿ ನಾದ ಕೇಳುತ್ತಾರೆ. ಗಂಟೆಯಂತೆ ಉಲಿದರೆ ಗಂಡು ಶಿಲೆ, ಮೆತ್ತಗೆ ಉಲಿದರೆ ಹೆಣ್ಣು ಶಿಲೆ, ಉಲಿಯದೇ ಬೊದ್ದೆಂದರೆ ನಪುಂಸಕ ಶಿಲೆ. ಅದರಲ್ಲಿ ವಿಗ್ರಹ ಮಾಡುವುದಿಲ್ಲ. ಇಷ್ಟು ನೋಡಿಕೊಂಡರೂ ಒಮ್ಮೊಮ್ಮೆ ಒಳಗಿನ ನರ ಉಳಿಗೆ ಸಿಕ್ಕಿಬಿಡುತ್ತದೆ. ಭಿನ್ನವಾದ ವಿಗ್ರಹಕ್ಕೆ ಪೂಜೆ ಇಲ್ಲ. ಪೂಜೆ ಇಲ್ಲದ್ದಕ್ಕೆ ಗಿರಾಕಿ ಇಲ್ಲ. ಹಾಗಾಗಿ ದ್ವಾರಪಾಲಕ ಕಾಯಲು ಬಾಗಿಲಿಲ್ಲದೆ ಶೆಡ್ಡಿನ ಮೂಲೆ ಕಾಯುತ್ತಿದ್ದಾನೆ.

ಇವನ ಎದುರಿಗೆ ಕೂತು ಕೂತು ನನಗೆ ನೆಲ್ಸನ್ ನೆನಪಾದದ್ದು. ಇಂಗ್ಲೆಂಡಿನ ಅಡ್ಮಿರಲ್ ಹೊರೇಷಿಯೋ ನೆಲ್ಸನ್. ಬಲಗೈ ಇಲ್ಲ, ಬಲಗಣ್ಣು ಕಾಣಿಸದು, ಮೇಲಿನ ಹಲ್ಲು ಅಷ್ಟಕ್ಕಷ್ಟೆ, ಸಮುದ್ರಕ್ಕೆ ಇಳಿದರೆ ಸಾಯುವವರೆಗೂ ವಾಕರಿಕೆ. ಶಾಸ್ತ್ರ ಹಿಡಿದು ನೋಡಿದರೆ ಪೂರ್ತಿ ಭಿನ್ನ.

ಕೋಲಾರ ಜಿಲ್ಲೆಯವನಿಗೆ ನೌಕಾಪಡೆಯ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ನಮ್ಮದು ನದಿ ಕಾಣದ ನೆಲ. ದೊಡ್ಡ ಕೆರೆ ಕಟ್ಟಿಸಿದರೆ ಅದಕ್ಕೇ ‘ಸಮುದ್ರ’ ಎಂದು ಹೆಸರಿಟ್ಟು ತೃಪ್ತಿಪಡುವ ಜನ ನಾವು. ಬೋರ್‌ವೆಲ್ ಸಾವಿರಾರು ಅಡಿ ಇಳಿದರೂ ದೂಳು ಬರುವ ಊರಲ್ಲಿ ಕೂತು ಹಡಗಿನ ಕಥೆ ಓದುವುದರಲ್ಲಿ ಒಂದು ಸುಖ ಇದೆ. ಮಧುಮೇಹದವನು ಮದುವೆಮನೆಯ ಎಲೆಯಲ್ಲಿ ಹೋಳಿಗೆ ಬಡಿಸುವುದನ್ನು ನೋಡಿದ ಹಾಗೆ. ಅವೆನ್ಯೂ ರಸ್ತೆಯ ಹಳೆ ಪುಸ್ತಕದ ರಾಶಿಯಲ್ಲಿ ರಾಬರ್ಟ್ ಸೌದಿ 1813ರಲ್ಲಿ ಬರೆದ ನೆಲ್ಸನ್ ಚರಿತ್ರೆಯ ಒಂದು ಪ್ರತಿ ಸಿಕ್ಕಿತ್ತು. ರಟ್ಟು ಬಿಚ್ಚಿ ಹೋಗಿತ್ತು. ಅದನ್ನು ಕೊಂಡದ್ದು ಯುದ್ಧಕ್ಕಾಗಿ, ಮತ್ತೆ ಮತ್ತೆ ಓದಿದ್ದು ಯುದ್ಧಕ್ಕಲ್ಲ.

ಅಲ್ಲದೆ ನಮಗೂ ನೆಲ್ಸನ್ನನಿಗೂ ಒಂದು ಲೆಕ್ಕ ಬಾಕಿ ಇದೆ. ಹೈದರಾಲಿ ಹುಟ್ಟಿದ ಬೂದಿಕೋಟೆ ನಮ್ಮ ಪಕ್ಕದ ಬಂಗಾರಪೇಟೆ ತಾಲ್ಲೂಕಿನಲ್ಲಿದೆ. 1763ರಲ್ಲಿ ಬಿದನೂರು ಕೈಗೆ ಬಂದಾಗ ಹೈದರನಿಗೆ ಕರಾವಳಿ ಸಿಕ್ಕಿತು, ಕರಾವಳಿ ಸಿಕ್ಕಿದ ಮೇಲೆ ಹಡಗಿನ ಹುಚ್ಚು ಹತ್ತಿತು. ಮಂಗಳೂರಿನಲ್ಲಿ ಹಡಗು ಕಟ್ಟಿಸಿದ. ಅತ್ತ ನೆಲ್ಸನ್ ಇಂಗ್ಲೆಂಡಿನ ನಾರ್ಫಕ್ ಪ್ರಾಂತ್ಯದ ಹಳ್ಳಿಯೊಂದರ ಪಾದ್ರಿಯ ಮಗ, 1758ರಲ್ಲಿ ಹುಟ್ಟಿದವನು. ಒಂಬತ್ತು ವರ್ಷಕ್ಕೆ ತಾಯಿ ಇಲ್ಲ. ಹನ್ನೆರಡಕ್ಕೆ ಸೋದರಮಾವನ ಹಡಗು ಸೇರಿದ. 1774ರಲ್ಲಿ ‘ಸೀಹಾರ್ಸ್’ ಎಂಬ ಹಡಗಿನಲ್ಲಿ ಮದ್ರಾಸಿಗೆ ಬಂದ. ಮರುವರ್ಷ ಫೆಬ್ರುವರಿ 19ರಂದು, ಈಸ್ಟ್ ಇಂಡಿಯಾ ಕಂಪನಿಯ ಹಣ ಹೊತ್ತು ಬೊಂಬಾಯಿ ಕಡೆಗೆ ಹೊರಟಿದ್ದ ಆ ಹಡಗಿಗೆ ಹೈದರನ ಬಾವುಟ ಹಾರಿಸಿಕೊಂಡ ಎರಡು ಸಣ್ಣ ಹಡಗು ಎದುರಾದವು. ಸ್ವಲ್ಪ ಹೊತ್ತು ಗುಂಡು ಹಾರಿದವು, ಹೈದರನ ಹಡಗುಗಳು ಹಿಂದೆ ಸರಿದವು, ಮುಗಿಯಿತು. ಮುಂದೆ ಟ್ರಫಾಲ್ಗರ್ ಯುದ್ಧ ಗೆದ್ದ ಮನುಷ್ಯ ಮೊದಲ ಸಲ ಮದ್ದಿನ ಹೊಗೆ ಕುಡಿದದ್ದು ಹೀಗೆ, ಬೂದಿಕೋಟೆಯ ಮಗನ ಹಡಗಿನಿಂದ. ಆಗ ಅವನಿಗೆ ಹದಿನಾರು. ಇದನ್ನು ಹೇಳಿದಾಗ ಆಚಾರ್ರು ಚಾಣ ಕೆಳಗಿಟ್ಟರು. “ಅಂದ್ರೆ ನಮ್ಮೋನೇ ಓನಾಮ ಮಾಡ್ಸಿದ್ದು ಅನ್ನಿ” ಎಂದರು. ಮೂವತ್ತು ವರ್ಷ ಮೈಸೂರು ಯುದ್ಧಗಳನ್ನು ಪಾಠ ಮಾಡಿದ ನನಗೆ ಈ ಮಾತು ಹೊಳೆದಿರಲಿಲ್ಲ.

ಆ ‘ಸೀಹಾರ್ಸ್’ನಲ್ಲಿ ನೆಲ್ಸನ್ನನ ಜೊತೆಗಿದ್ದ ಹುಡುಗ ಥಾಮಸ್ ಟ್ರೌಬ್ರಿಜ್. ಮುಂದೆ ಇಬ್ಬರೂ ದೊಡ್ಡವರಾದರು. ಅವನ ಕಥೆಗೆ ಆಮೇಲೆ ಬರುತ್ತೇನೆ. ಎರಡು ವರ್ಷದಲ್ಲಿ ಪೂರ್ವ ದೇಶದ ಜ್ವರ ನೆಲ್ಸನ್ನನನ್ನು ಹಿಂಡಿ ಹಾಕಿತು. 1776ರಲ್ಲಿ ಬದುಕುತ್ತಾನೋ ಇಲ್ಲವೋ ಎನ್ನುವ ಸ್ಥಿತಿಯಲ್ಲಿ ಬೇರೊಂದು ಹಡಗಿನಲ್ಲಿ ಊರಿಗೆ ಕಳಿಸಿದರು. ಆ ಹಡಗಿನ ಕ್ಯಾಪ್ಟನ್ ಜೇಮ್ಸ್ ಪಿಗಟ್ ಈ ಹುಡುಗನ ಆರೈಕೆ ಮಾಡಿದ. ಅವನ ದಯದಿಂದ ನಾನು ಉಳಿದೆ ಎಂದು ನೆಲ್ಸನ್ ಮುಂದೆ ನೆನೆದ. ನನ್ನ ಅನುಮಾನ, ಗೆಳೆತನದ ವಿದ್ಯೆಯನ್ನು ಆತ ಕಲಿತದ್ದೇ ಅಲ್ಲಿ, ಹಾಸಿಗೆ ಹಿಡಿದು ಮಲಗಿದ್ದಾಗ. ಪಡೆದ ಮೇಲಲ್ಲವೆ ಕೊಡಲು ಬರುವುದು? ತಾಯಿಯನ್ನು ಬೇಗ ಕಳಕೊಂಡ ಮಕ್ಕಳಲ್ಲಿ ಎರಡು ಜಾತಿ ನೋಡಿದ್ದೇನೆ. ಕೆಲವರು ಯಾರನ್ನೂ ಹತ್ತಿರ ಸೇರಿಸುವುದಿಲ್ಲ. ಇನ್ನು ಕೆಲವರು ಬಸ್ಸಿನಲ್ಲಿ ಪಕ್ಕ ಕೂತವರನ್ನೂ ಇಳಿಯುವುದರೊಳಗೆ ನೆಂಟರನ್ನಾಗಿ ಮಾಡಿಕೊಳ್ಳುತ್ತಾರೆ. ನೆಲ್ಸನ್ ಎರಡನೆಯ ಜಾತಿ.

ಆಚಾರ್ರಿಗೆ ಬಹಳ ಹಿಡಿಸಿದ್ದು ಚಿತ್ರದ ಕಥೆ. ಸುಮಾರು 1784ರಲ್ಲಿ ನೆಲ್ಸನ್ ವೆಸ್ಟ್ ಇಂಡೀಸಿನ ಆಂಟಿಗುವಾ ದ್ವೀಪದಲ್ಲಿದ್ದ. ಅವನ ಜೊತೆ ಕತ್‌ಬರ್ಟ್ ಕಾಲಿಂಗ್‌ವುಡ್ ಎಂಬ ಇನ್ನೊಬ್ಬ ಕ್ಯಾಪ್ಟನ್. ಇಬ್ಬರ ಸ್ವಭಾವ ಎಣ್ಣೆ-ನೀರು. ಕಾಲಿಂಗ್‌ವುಡ್ ಎತ್ತರದ ಆಳು, ಮಾತು ಕಮ್ಮಿ, ನಗು ಇನ್ನೂ ಕಮ್ಮಿ. ನೆಲ್ಸನ್ ಕುಳ್ಳ, ಬಾಯಿಬಡುಕ, ಹೊಗಳಿಕೆಗೆ ಹಾತೊರೆಯುವವನು. ಜ್ವರ ಬಂದು ನೆಲ್ಸನ್ ತಲೆ ಬೋಳಿಸಿಕೊಂಡಿದ್ದ. ಮೇಲೆ ತಲೆಗೆ ಸರಿಹೋಗದ, ಕೃತಕ ಕೂದಲಿನ ಹಳದಿ ಟೋಪನ್ನನ್ನು ಹಾಕಿಕೊಂಡು ಓಡಾಡುತ್ತಿದ್ದ. ಬೇಸರ ಕಳೆಯಲು ಇಬ್ಬರೂ ಒಬ್ಬರ ಚಿತ್ರವನ್ನು ಇನ್ನೊಬ್ಬರು ಬರೆದರು. ಎರಡೂ ಚಿತ್ರಗಳು ಇವತ್ತಿಗೂ ಇವೆ. ಚಿತ್ರಕಲೆ ಎಂದರೆ ಅಷ್ಟೇನಿಲ್ಲ. ನಮ್ಮ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟರಾಗಿದ್ದರೆ ನೂರಕ್ಕೆ ಮೂವತ್ತೈದು ಕೊಟ್ಟು ಪಾಸು ಮಾಡಿಯಾರು. ಆದರೆ ಕಾಲಿಂಗ್‌ವುಡ್ ಆ ಟೋಪನ್ನನ್ನು ಇದ್ದದ್ದು ಇದ್ದ ಹಾಗೆ, ಸೊಟ್ಟಗೆ, ಬರೆದಿದ್ದಾನೆ.

“ಮುಖ ನೋಡ್ಕೊಂಡು ಗಂಟೆಗಟ್ಲೆ ಕೂರ್ಬೇಕಲ್ಲ ಮೇಷ್ಟ್ರೇ, ಅದು ಸುಲಭ ಅಲ್ಲ” ಎಂದರು ಆಚಾರ್ರು. ತೀರಿಕೊಂಡವರ ಫೋಟೋ ತಂದು ಎದೆವರೆಗಿನ ಪ್ರತಿಮೆ ಮಾಡಿಕೊಡಿ ಎನ್ನುವವರು ಅವರ ಹತ್ತಿರ ಬರುತ್ತಾರೆ. ದೇವರ ಮುಖಕ್ಕೆ ಅಳತೆ ಇದೆ, ತಾಳಮಾನ ಇದೆ, ಕೈ ತಾನೇ ನಡೆಯುತ್ತದೆ. ಮನುಷ್ಯರ ಮುಖಕ್ಕೆ ಅಂಥ ಲೆಕ್ಕ ಇಲ್ಲ, ಫೋಟೋ ನೋಡಿ ನೋಡಿ ಆ ಮುಖ ರಾತ್ರಿ ಕನಸಿಗೆ ಬರುತ್ತದೆ, ಕೆಲಸ ಮುಗಿಯುವ ಹೊತ್ತಿಗೆ ಆತ ಮನೆಯವನೇ ಆಗಿಬಿಟ್ಟಿರುತ್ತಾನೆ, ಕೊಟ್ಟು ಕಳಿಸಲು ಒಂಥರಾ ಆಗುತ್ತದೆ ಎಂದರು. ಹಾಗೆ ಮುಖ ನೋಡಿಕೊಂಡು ಕೂತ ಇಬ್ಬರು ಮುಂದಿನ ಇಪ್ಪತ್ತು ವರ್ಷ ಬೇರೆ ಬೇರೆ ಸಮುದ್ರಗಳಲ್ಲಿದ್ದೂ ಬಿಟ್ಟು ಹೋಗಲಿಲ್ಲ.

ನೆಲ್ಸನ್ನನ ಕೈ ಹೋದದ್ದು 1797ರ ಜುಲೈನಲ್ಲಿ, ಸ್ಪೇನಿನವರ ಟೆನೆರಿಫ್ ದ್ವೀಪದ ಮೇಲೆ ರಾತ್ರಿ ದಾಳಿ ಮಾಡಲು ಹೋಗಿ. ದಡಕ್ಕೆ ಕಾಲಿಡುವಾಗಲೇ ಬಲಗೈಗೆ ಗುಂಡು ಬಿತ್ತು. ಜೊತೆಗಿದ್ದ ಮಲಮಗ ಜೋಸಾಯ ತೋಳಿಗೆ ಬಟ್ಟೆ ಬಿಗಿದು ರಕ್ತ ನಿಲ್ಲಿಸಿದ. ಕತ್ತಲಲ್ಲಿ ದೋಣಿಯಲ್ಲಿ ಮಲಗಿಸಿಕೊಂಡು ಹತ್ತಿರ ಸಿಕ್ಕಿದ ಹಡಗಿನ ಬಳಿ ತಂದರು. ಅದರ ಹೆಸರೂ ‘ಸೀಹಾರ್ಸ್’, ಹೊಸದು. ಅದರ ಕ್ಯಾಪ್ಟನ್ ಫ್ರೀಮ್ಯಾಂಟಲ್ ಕೂಡ ಅದೇ ದಾಳಿಗೆ ಹೋದವನು, ಅವನ ಸುದ್ದಿ ಯಾರಿಗೂ ತಿಳಿದಿಲ್ಲ. ಅವನ ಎಳೆ ಹೆಂಡತಿ ಬೆಟ್ಸಿ ಆ ಹಡಗಿನಲ್ಲೇ ಇದ್ದಳು. ನೆಲ್ಸನ್ ಹಡಗು ಹತ್ತಲು ಒಪ್ಪಲಿಲ್ಲ. ಗಂಡನ ಸುದ್ದಿ ಹೇಳಲಾರದ ನಾನು ಈ ಅವಸ್ಥೆಯಲ್ಲಿ ಆ ಹುಡುಗಿಯ ಕಣ್ಣಿಗೆ ಬೀಳುವುದಕ್ಕಿಂತ ಸಾಯುವುದೇ ವಾಸಿ ಎಂದ. ತಡವಾದರೆ ಪ್ರಾಣಕ್ಕೆ ಸಂಚಕಾರ ಎಂದರೂ ಕೇಳದೆ ದೋಣಿಯನ್ನು ಮುಂದಕ್ಕೆ ಹೊಡೆಸಿ ತನ್ನ ಹಡಗಿಗೇ ಹೋದ. ಅಲ್ಲಿ ಕೈ ಕತ್ತರಿಸಿದರು.

ಈ ಕಥೆಯನ್ನು ನಾನು ಕ್ಲಾಸಿನಲ್ಲಿ ಎಂದೂ ಹೇಳಲಿಲ್ಲ. ಸಿಲಬಸ್ಸಿನಲ್ಲಿ ಇರಲಿಲ್ಲ. ಪೀಠದ ಕಲ್ಲಿನ ಮೇಲೆ ಕೂತು ಮೊದಲ ಬಾರಿ ಹೇಳಿದಾಗ ಕೆಲಸ ಕಲಿಯುವ ಹುಡುಗ ಮರಳು ಕಾಗದ ಉಜ್ಜುವುದನ್ನು ಬಿಟ್ಟು ಬಾಯಿ ತೆರೆದುಕೊಂಡು ನಿಂತಿದ್ದ. ಅವನ ಪ್ರಶ್ನೆ ಮಾತ್ರ ಬೇರೆ ಇತ್ತು. “ಬಲಗೈ ಹೋದ್ಮೇಲೆ ಊಟ ಹೆಂಗ್ ಮಾಡ್ತಿದ್ದ ಸಾ?” ಪಕ್ಕದಲ್ಲಿ ಕೂತವರು ಮಾಂಸ ಕತ್ತರಿಸಿ ಕೊಡುತ್ತಿದ್ದರು, ಆಮೇಲೆ ಚಾಕು, ಮುಳ್ಳುಚಮಚ ಎರಡೂ ಒಂದರಲ್ಲೇ ಇರುವ ಉಪಕರಣ ಇಟ್ಟುಕೊಂಡ ಎಂದೆ. “ನಮ್ಮ ಕಡೆಯೋನಾಗಿದ್ರೆ ಆ ತಾಪತ್ರಯ ಇರ್ತಿರ್ಲಿಲ್ಲ. ಮುದ್ದೆ ಮುರಿಯೋಕೆ ಒಂದು ಕೈ ಸಾಕು” ಎಂದರು ಆಚಾರ್ರು. “ಎಡಗೈನಾಗೆ ಮುದ್ದೆ ಮುರಿದ್ರೆ ನಮ್ಮಜ್ಜಿ ಕೊಂದೇ ಹಾಕ್ತಾಳೆ” ಎಂದ ಹುಡುಗ. ಈ ವಾದ ಅವರೆಕಾಳಿನ ಸಾರಿನವರೆಗೆ ಬೆಳೆಯಿತು.

ಕೈ ಹೋದ ಮೂರನೆಯ ದಿನವೇ ನೆಲ್ಸನ್ ಎಡಗೈಯಲ್ಲಿ ಕಾಗದ ಬರೆಯಲು ಶುರುಮಾಡಿದ. ಅಕ್ಷರ ಒಂದನೆಯ ಕ್ಲಾಸಿನ ಮಗುವಿನದು. ಆ ಎಡಗೈಯಲ್ಲೇ ಮುಂದೆ ಸಾವಿರಾರು ಕಾಗದ ಬರೆದ, ಅವುಗಳಲ್ಲಿ ಎಷ್ಟೋ ಇನ್ಯಾರಿಗೋ ಕೆಲಸ ಕೊಡಿಸಲು, ಇನ್ಯಾರದೋ ಹೆಂಡತಿಗೆ ಪಿಂಚಣಿ ಕೇಳಲು, ಇನ್ಯಾರದೋ ಮಗನನ್ನು ಹಡಗಿಗೆ ಸೇರಿಸಿಕೊಳ್ಳಲು.

ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಎತ್ತರದ ಕಂಬದ ತುದಿಗೆ ನೆಲ್ಸನ್ನನ ಪ್ರತಿಮೆ ನಿಲ್ಲಿಸಿದ್ದಾರೆ, 1843ರಲ್ಲಿ. ಕೆತ್ತಿದವನು ಎಡ್ವರ್ಡ್ ಬೈಲಿ. ಖಾಲಿ ತೋಳನ್ನು ಎದೆಗೆ ಸಿಕ್ಕಿಸಿಕೊಂಡ ಹಾಗೇ ಕೆತ್ತಿದ್ದಾನೆ. ಫೋನಿನಲ್ಲಿ ಚಿತ್ರ ತೋರಿಸಿದೆ. ಆಚಾರ್ರು ಕನ್ನಡಕ ಒರೆಸಿಕೊಂಡು, ಚಿತ್ರವನ್ನು ದೊಡ್ಡದು ಮಾಡಿ, ಮಡಿಕೆಗಳನ್ನೆಲ್ಲ ನೋಡಿದರು.

“ಯಾವ ಕಲ್ಲು?”

“ಮರಳುಗಲ್ಲು.”

“ಮಳೆಗೆ ಸವೀತದೆ. ನಮ್ಮ ಕರಿಕಲ್ಲಾಗಿದ್ರೆ ಇನ್ನೂ ಸಾವ್ರ ವರ್ಷ ಅಳ್ಳಾಡ್ತಿರ್ಲಿಲ್ಲ.” ಸ್ವಲ್ಪ ಹೊತ್ತು ಬಿಟ್ಟು, “ಅಲ್ಲ ಮೇಷ್ಟ್ರೇ, ಭಿನ್ನ ಆಗಿರೋದನ್ನ ಪ್ರತಿಷ್ಠೆ ಮಾಡವ್ರಲ್ಲ!” ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆಚಾರ್ರು ಫೋನು ಹಿಂದಕ್ಕೆ ಕೊಡುವಾಗ ಒಂದು ಸಲ ಮೂಲೆಯ ಕಡೆ ನೋಡಿದರು.

ನೆಲ್ಸನ್ನನ ಗೆಳೆತನ ಕೆಲಸಕ್ಕೆ ಬಂದದ್ದು ನೈಲ್ ನದಿಯ ಮುಖದಲ್ಲಿ, 1798ರ ಆಗಸ್ಟ್ 1ರಂದು. ಸಾಲುಗಟ್ಟಿ ಲಂಗರು ಹಾಕಿದ್ದ ಹದಿಮೂರು ದೊಡ್ಡ ಫ್ರೆಂಚ್ ಯುದ್ಧನೌಕೆಗಳಲ್ಲಿ ಹನ್ನೊಂದು ಸಿಕ್ಕಿದವು ಅಥವಾ ಸುಟ್ಟವು. ಕತ್ತಲಾಗುವ ಹೊತ್ತು, ಪರಿಚಯವಿಲ್ಲದ ನೀರು, ಬಾವುಟದ ಸನ್ನೆ ಕಾಣದು. ಆದರೂ ಯಾವ ಕ್ಯಾಪ್ಟನ್ನಿಗೂ ಏನು ಮಾಡಬೇಕೆಂದು ಕೇಳುವ ಅಗತ್ಯ ಬೀಳಲಿಲ್ಲ. ಯಾಕೆಂದರೆ ವಾರಗಟ್ಟಲೆ ಫ್ರೆಂಚರನ್ನು ಹುಡುಕುತ್ತಾ ತಿರುಗುವಾಗ ನೆಲ್ಸನ್ ಅವರನ್ನೆಲ್ಲ ತನ್ನ ಹಡಗಿಗೆ ಕರೆಸಿ, ಊಟಕ್ಕೆ ಕೂರಿಸಿ, ತಟ್ಟೆ ಸರಿಸಿ ಮೇಜಿನ ಮೇಲೆ ಗೆರೆ ಎಳೆದವನಂತೆ ತನ್ನ ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೇಳಿಕೊಂಡಿದ್ದ. ದೊಡ್ಡ ಅಧಿಕಾರಿಗಳು ಗುಟ್ಟನ್ನು ಎದೆಗವಚಿಕೊಂಡೇ ದೊಡ್ಡವರಾಗಿ ಉಳಿಯುವುದು. ಸುತ್ತೋಲೆ ಕಳಿಸುತ್ತಾರೆ, ಕಾರಣ ಕಳಿಸುವುದಿಲ್ಲ. ನಾನು ನಾಲ್ಕಾರು ಹೆಡ್‌ಮೇಷ್ಟರುಗಳ ಕೈಕೆಳಗೆ ದುಡಿದಿದ್ದೇನೆ. ಅವರಲ್ಲಿ ಒಬ್ಬರು ಮಾತ್ರ ಮಧ್ಯಾಹ್ನ ತಮ್ಮ ಬುತ್ತಿ ಬಿಚ್ಚಿ ನಮ್ಮ ಜೊತೆ ಕೂತು, “ಏನ್ರಪ್ಪಾ, ಈ ವರ್ಷ ಹತ್ತನೇ ಕ್ಲಾಸಿಗೆ ಏನ್ಮಾಡೋಣ?” ಎಂದು ಕೇಳುತ್ತಿದ್ದರು. ಆ ವರ್ಷದ ಫಲಿತಾಂಶವನ್ನು ಇಲ್ಲಿ ಹೇಳಿದರೆ ಜಂಬವಾದೀತು.

ಗೆದ್ದ ಮೇಲೆ ನೆಲ್ಸನ್ ಹಿರಿಯನೊಬ್ಬನಿಗೆ ಬರೆದ ಕಾಗದದಲ್ಲಿ ತನ್ನ ಕ್ಯಾಪ್ಟನ್ನುಗಳನ್ನು ಶೇಕ್ಸ್‌ಪಿಯರನ ಮಾತು ಎರವಲು ತಂದು ಒಡಹುಟ್ಟಿದವರ ದಂಡು ಎಂದು ಕರೆದ. ಆ ದಂಡಿನಲ್ಲಿ ಒಬ್ಬನ ಹಡಗು ಯುದ್ಧಕ್ಕೆ ಮೊದಲೇ ಮರಳುದಿಬ್ಬ ಹತ್ತಿ ಕೂತುಬಿಟ್ಟಿತ್ತು. ಒಂದು ಗುಂಡೂ ಹಾರಿಸದೆ ರಾತ್ರಿಯೆಲ್ಲ ದೂರದಿಂದ ಬೆಂಕಿ ನೋಡುತ್ತಾ ನಿಂತವನು, ನಮ್ಮ ಟ್ರೌಬ್ರಿಜ್. ಯುದ್ಧ ಮಾಡದವನಿಗೆ ಚಿನ್ನದ ಪದಕ ಯಾಕೆ ಎಂದಿತು ಮೇಲಿನ ಇಲಾಖೆ. ನೆಲ್ಸನ್ ಬಿಡಲಿಲ್ಲ, ಕಾಗದದ ಮೇಲೆ ಕಾಗದ ಬರೆದು ಪದಕ ಕೊಡಿಸಿದ. ಹದಿನಾರರ ವಯಸ್ಸಿನಲ್ಲಿ ಒಂದೇ ಹಡಗಿನಲ್ಲಿ ಹೈದರನ ಗುಂಡು ಕಂಡವರ ನಂಟು ಅದು.

ಅದೇ ದಂಡಿನ ಬೆನ್ ಹ್ಯಾಲೋವೆಲ್ ಕೊಟ್ಟ ಉಡುಗೊರೆಯನ್ನಂತೂ ನಾನು ಎಷ್ಟು ಸಲ ಹೇಳಿದರೂ ಆಚಾರ್ರು ಇನ್ನೊಮ್ಮೆ ಹೇಳಿ ಎನ್ನುತ್ತಾರೆ. ಸುಟ್ಟು ಸಿಡಿದ ಫ್ರೆಂಚ್ ಹಡಗು ‘ಲೋರಿಯಾಂ’ನ ದೊಡ್ಡ ಕೂವೆಮರ ನೀರಿನಲ್ಲಿ ತೇಲುತ್ತಿತ್ತು. ಹ್ಯಾಲೋವೆಲ್ ಅದನ್ನು ಎತ್ತಿಸಿ, ತನ್ನ ಬಡಗಿಯಿಂದ ಒಂದು ಶವಪೆಟ್ಟಿಗೆ ಮಾಡಿಸಿ, ಸಾಯುವ ಕಾಲಕ್ಕೆ ನಿನ್ನ ಗೆಲುವಿನ ಮರದಲ್ಲೇ ಮಲಗುವಿಯಂತೆ ಎಂಬರ್ಥದ ಕಾಗದದೊಂದಿಗೆ ಕಳಿಸಿಕೊಟ್ಟ! ನಮ್ಮಲ್ಲಾದರೆ ಅಪಶಕುನ ಎಂದು ಶಾಂತಿ ಮಾಡಿಸುತ್ತಿದ್ದರು. ನೆಲ್ಸನ್ ಅದನ್ನು ಊಟದ ಕುರ್ಚಿಯ ಹಿಂದೆ ಗೋಡೆಗೆ ನಿಲ್ಲಿಸಿಕೊಂಡ. ಬಂದವರು ಗಾಬರಿ ಬೀಳುವುದನ್ನು ನೋಡಿ ಖುಷಿಪಟ್ಟ. ಇಂಥ ತಮಾಷೆಯನ್ನು ಮಾಡಲು ಒಬ್ಬ, ತಡೆದುಕೊಳ್ಳಲು ಒಬ್ಬ. ಇಬ್ಬರೂ ಸಿಕ್ಕುವುದು ಅಪರೂಪ.

ಹಾಗೆಂದು ನೆಲ್ಸನ್ನನನ್ನು ದೇವರಗೂಡಿನಲ್ಲಿ ಕೂರಿಸಲು ನಾನು ತಯಾರಿಲ್ಲ. ಮರುವರ್ಷ ನೇಪಲ್ಸಿನಲ್ಲಿ ಅವನು ನಡೆದುಕೊಂಡ ರೀತಿ ಹೇಸಿಗೆಯದು. ಬಂಡಾಯಗಾರರ ಪಕ್ಷ ಸೇರಿದ್ದ ಫ್ರಾಂಚೆಸ್ಕೊ ಕರಾಚ್ಚೊಲೊ ಎಂಬ ನೌಕಾಧಿಕಾರಿಯನ್ನು, ತನ್ನಂಥದೇ ಅಡ್ಮಿರಲನ್ನು, ಒಂದೇ ದಿನದಲ್ಲಿ ವಿಚಾರಣೆ ಮುಗಿಸಿ ಹಡಗಿನ ಅಡ್ಡಮರಕ್ಕೆ ನೇಣು ಹಾಕಿಸಿದ. ಕಟ್ಟಿಕೊಂಡ ಹೆಂಡತಿ ಫ್ಯಾನಿಯನ್ನು ಬಿಟ್ಟು ಎಮ್ಮಾ ಹ್ಯಾಮಿಲ್ಟನ್ನಳ ಹಿಂದೆ ಹೋದ. ಫ್ಯಾನಿಯ ಕಾಗದಕ್ಕೆ ಉತ್ತರವನ್ನೂ ಬರೆಯಲಿಲ್ಲ, ಸಾವಿರ ಕಾಗದ ಬರೆದ ಕೈ. ವೆಸ್ಟ್ ಇಂಡೀಸಿನ ತೋಟದ ಸಾಹುಕಾರರು ಅವನ ಊಟದ ಮೇಜಿನ ಸ್ನೇಹಿತರಾಗಿದ್ದರು, ಗುಲಾಮರು ಆ ಮೇಜಿಗೆ ಬರುವವರಲ್ಲ. 1805ರಲ್ಲಿ ಅಂಥ ಒಬ್ಬ ಸಾಹುಕಾರನಿಗೆ ಬರೆದ ಕಾಗದದಲ್ಲಿ ಗುಲಾಮಿ ವ್ಯಾಪಾರ ನಿಲ್ಲಿಸಬೇಕೆನ್ನುವವರನ್ನು ಬೈದಿದ್ದಾನೆ. ಬಳಗವನ್ನು ಬಿಗಿಯಾಗಿ ಅಪ್ಪಿಕೊಂಡವರಿಗೆ ಬಳಗದ ಆಚೆಯವರು ಕಾಣುವುದಿಲ್ಲ. ಈ ರೋಗ ನಮ್ಮ ಊರುಗಳಲ್ಲೂ ಬೇಕಾದಷ್ಟಿದೆ, ಕೇರಿಗೊಂದರಂತೆ. ಟ್ರೌಬ್ರಿಜ್ ಕೂಡ ಕೊನೆಗೆ ದೂರವಾದ. ಅವನು ಲಂಡನ್ನಿನ ಕಚೇರಿಯಲ್ಲಿ ಕುರ್ಚಿ ಹಿಡಿದ ಮೇಲೆ, ತನ್ನನ್ನು ಬೇಕೆಂದೇ ರಜ ಕೊಡದೆ ಸಮುದ್ರದಲ್ಲಿ ಇಟ್ಟಿದ್ದಾನೆ ಎಂದು ನೆಲ್ಸನ್ನನಿಗೆ ಕಹಿ. ಆ ಟ್ರೌಬ್ರಿಜ್ 1807ರಲ್ಲಿ ಮದ್ರಾಸಿನಿಂದ ಹಳೆಯ ಹಡಗೊಂದರಲ್ಲಿ ಹೊರಟವನು ಬಿರುಗಾಳಿಗೆ ಸಿಕ್ಕಿ ಹಡಗಿನ ಸಮೇತ ಕಾಣೆಯಾದ. ಇಬ್ಬರೂ ಹುಡುಗರಾಗಿ ಬಂದಿಳಿದ ಅದೇ ಮದ್ರಾಸು.

ಜಗಳದ ವಿಷಯ ಬಂದದ್ದರಿಂದ ಟಪಾಲಿನ ಕಥೆಯನ್ನೂ ಹೇಳಿಬಿಡುತ್ತೇನೆ. ಟ್ರಫಾಲ್ಗರಿಗೆ ಸ್ವಲ್ಪ ಮುಂಚೆ ನಡೆದದ್ದು ಎಂದು ಹೇಳುತ್ತಾರೆ. ಇಂಗ್ಲೆಂಡಿಗೆ ಟಪಾಲು ಒಯ್ಯುವ ಹಡಗು ಹಾಯಿ ಬಿಚ್ಚಿ ಹೊರಟುಹೋಗಿತ್ತು. ಎಲ್ಲರ ಕಾಗದಗಳನ್ನೂ ಜತನವಾಗಿ ಚೀಲಕ್ಕೆ ತುಂಬಿಸುವ ಗಡಿಬಿಡಿಯಲ್ಲಿ ಒಬ್ಬ ನಾವಿಕ ತನ್ನ ಹೆಂಡತಿಗೆ ಬರೆದ ಕಾಗದವನ್ನೇ ಹಾಕುವುದು ಮರೆತಿದ್ದ. ಅದು ಅವನ ಜೇಬಿನಲ್ಲೇ ಉಳಿದಿತ್ತು. ಅವನ ಪೆಚ್ಚುಮುಖ ಕಂಡ ಅಧಿಕಾರಿ ನೆಲ್ಸನ್ನನಿಗೆ ವಿಷಯ ಹೇಳಿದ. ಬಾವುಟ ಏರಿಸಿ, ಹಡಗನ್ನು ವಾಪಸು ಕರೆಸಿ, ನಾಳೆ ಯುದ್ಧದಲ್ಲಿ ಅವನು ಉಳಿಯುತ್ತಾನೋ ಇಲ್ಲವೋ ಯಾರಿಗೆ ಗೊತ್ತು ಎಂದನಂತೆ. ಒಂದು ಕಾಗದಕ್ಕಾಗಿ ಹಡಗು ತಿರುಗಿ ಬಂತು.

ಸೌದಿಯ ಪುಸ್ತಕದಲ್ಲಿ ನನ್ನ ಗುರುತಿನ ಚೀಟಿಯಾಗಿ ಒಂದು ನೀಲಿ ಇನ್‌ಲ್ಯಾಂಡ್ ಲೆಟರ್ ಇದೆ. ವಿಳಾಸ ಬರೆದಿದ್ದೇನೆ, ಅಂಟಿಸಿಯೂ ಇದ್ದೇನೆ. ನನ್ನ ಜೊತೆ ಹದಿನಾಲ್ಕು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಕೂತ ಗಣಿತದ ಮೇಷ್ಟರಿಗೆ ಬರೆದದ್ದು. ಪರೀಕ್ಷೆಯ ಡ್ಯೂಟಿ ಹಾಕುವ ವಿಷಯಕ್ಕೆ ಇಬ್ಬರಿಗೂ ಮಾತು ಬಂತು, ಅವನಿಗೆ ಬೇರೆ ಊರಿಗೆ ವರ್ಗವಾಯಿತು, ಮಾತು ನಿಂತೇ ಹೋಯಿತು. ಕಾಗದ ಬರೆದು, ಸೋಮವಾರ ಹಾಕೋಣ ಎಂದು ಪುಸ್ತಕದೊಳಗಿಟ್ಟೆ. ಅವನು ಹೋಗಿ ಈಗ ಆರು ವರ್ಷ. ಟಪಾಲಿನ ಕಥೆ ಬರುವ ಕಡೆ ನಾನು ಸ್ವಲ್ಪ ಬೇಗ ಬೇಗ ಹೇಳುತ್ತೇನೆ. ಆಚಾರ್ರು ಯಾಕೆ ಎಂದು ಕೇಳಿಲ್ಲ.

1805ರ ಸೆಪ್ಟೆಂಬರ್ 29, ನೆಲ್ಸನ್ನನ ನಲವತ್ತೇಳನೆಯ ಹುಟ್ಟಿದ ಹಬ್ಬ. ಸ್ಪೇನಿನ ಕಾದಿಜ್ ಬಂದರಿನ ಹೊರಗೆ ಕಾಯುತ್ತಿದ್ದ ಪಡೆಯ ಕ್ಯಾಪ್ಟನ್ನುಗಳನ್ನು ಆ ದಿನ ಕೆಲವರು, ಮರುದಿನ ಉಳಿದವರು ಎಂದು ಊಟಕ್ಕೆ ಕರೆದ. ಯುದ್ಧದ ತನ್ನ ಉಪಾಯ ಬಿಚ್ಚಿಟ್ಟಾಗ ಕೆಲವರ ಕಣ್ಣಲ್ಲಿ ನೀರು ಬಂತೆಂದು ತಾನೇ ಬರೆದಿದ್ದಾನೆ. (ತಾನೇ ಬರೆದುಕೊಂಡದ್ದರಿಂದ ಸ್ವಲ್ಪ ಕಳೆದು ಓದಬೇಕು.) ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಆ ದಿನಗಳ ಇನ್ನೊಂದು ಸಂಗತಿ. ರಾಬರ್ಟ್ ಕಾಲ್ಡರ್ ಎಂಬ ಅಡ್ಮಿರಲನಿಗೆ ಹಿಂದಿನ ಯುದ್ಧವೊಂದರಲ್ಲಿ ಸಾಕಷ್ಟು ಮಾಡಲಿಲ್ಲವೆಂದು ವಿಚಾರಣೆಗೆ ಕರೆ ಬಂದಿತ್ತು. ಸಣ್ಣ ಹಡಗಿನಲ್ಲಿ ಕಳಿಸು ಎಂದು ಆಜ್ಞೆ. ಕಾಲ್ಡರ್ ನೆಲ್ಸನ್ನನ ಸ್ನೇಹಿತನಲ್ಲ. ಆದರೂ ಆತನ ಸಂಕಟ ನೋಡಲಾರದೆ, ಎಲ್ಲರೆದುರು ಅವಮಾನವಾಗದಿರಲೆಂದು, ತೊಂಬತ್ತೆಂಟು ಫಿರಂಗಿಯ ಅವನ ಹಡಗಿನಲ್ಲೇ ಊರಿಗೆ ಕಳಿಸಿಕೊಟ್ಟ. ಯುದ್ಧ ಇವತ್ತೋ ನಾಳೆಯೋ ಎನ್ನುವಾಗ! ಲೆಕ್ಕಾಚಾರದವರು ಇದನ್ನು ತಪ್ಪು ಎಂದೇ ಬರೆಯುತ್ತಾರೆ. ತಪ್ಪೇ ಇರಬಹುದು.

ಅಕ್ಟೋಬರ್ 21ರ ಟ್ರಫಾಲ್ಗರ್ ಯುದ್ಧದ ಬಗ್ಗೆ ಎಲ್ಲ ಪುಸ್ತಕಗಳಲ್ಲೂ ಇದೆ, ನಾನು ಹೇಳಬೇಕಾಗಿಲ್ಲ. ಎರಡು ಸಾಲಿನಲ್ಲಿ ಹಡಗುಗಳು ನುಗ್ಗಿದವು, ಒಂದರ ಮುಂದೆ ನೆಲ್ಸನ್, ಇನ್ನೊಂದರ ಮುಂದೆ ಕಾಲಿಂಗ್‌ವುಡ್. ಕಾಲಿಂಗ್‌ವುಡ್ಡನ ಹಡಗು ಮೊದಲು ಹೊಕ್ಕಿತು. ನೆಲ್ಸನ್ ತನ್ನ ಹಡಗಿನಿಂದ ಅದನ್ನು ನೋಡಿ, ಆ ಮಹಾನುಭಾವ ಹೇಗೆ ನುಗ್ಗುತ್ತಿದ್ದಾನೆ ನೋಡಿ ಎಂದು ಹಿಗ್ಗಿದ. ಯುದ್ಧದಲ್ಲಿ ಗುಂಡು ತಗುಲಿ ಮಲಗಿದವನು ಸಂಜೆಯ ಹೊತ್ತಿಗೆ ಗೆಲುವಿನ ಸುದ್ದಿ ಕೇಳಿ, ತನ್ನ ಹಡಗಿನ ಕ್ಯಾಪ್ಟನ್ ಹಾರ್ಡಿಯಿಂದ ಒಂದು ಮುತ್ತು ಪಡೆದು, ಸತ್ತ. ಬ್ರಾಂದಿಯ ಪೀಪಾಯಿಯಲ್ಲಿ ದೇಹ ಇಟ್ಟು ಊರಿಗೆ ತಂದರು. 1806ರ ಜನವರಿ 9ರಂದು ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನಲ್ಲಿ ಮಣ್ಣು ಮಾಡಿದ್ದು ಹ್ಯಾಲೋವೆಲ್ ಕೊಟ್ಟ ಅದೇ ಪೆಟ್ಟಿಗೆಯಲ್ಲಿ. ಕಾಲಿಂಗ್‌ವುಡ್ ಮತ್ತೆ ಮನೆ ಮುಖ ಕಾಣಲಿಲ್ಲ. ಇನ್ನೂ ನಾಲ್ಕೂವರೆ ವರ್ಷ ಗೆಳೆಯನ ಕೆಲಸವನ್ನು ಹೊತ್ತು 1810ರಲ್ಲಿ ಹಡಗಿನಲ್ಲೇ ಸತ್ತ. ಅವನನ್ನೂ ತಂದು ಪಕ್ಕದಲ್ಲೇ ಮಲಗಿಸಿದರು. ಹಳದಿ ಟೋಪನ್ನಿನ ಚಿತ್ರ ಬರೆದವನು.

ಇಷ್ಟೆಲ್ಲ ಕೇಳಿದ ಮೇಲೆ ಆಚಾರ್ರು ಒಂದು ಭಾನುವಾರ, “ನಮ್ ಹೈದರಾಲಿಗೆ ಸಮುದ್ರದ ಕಡೆ ಗೆಳೆಯರು ಯಾರೂ ಇರ್ಲಿಲ್ವಾ?” ಎಂದರು. ಇದ್ದ. ಫ್ರೆಂಚ್ ನೌಕಾಪಡೆಯ ಸುಫ್ರೆನ್. ಬಂಗಾಳಕೊಲ್ಲಿಯಲ್ಲಿ ಇಂಗ್ಲಿಷರೊಂದಿಗೆ ಒಂದಾದ ಮೇಲೊಂದು ಐದು ಯುದ್ಧ ಮಾಡಿದ ಗಟ್ಟಿಗ, ಹಾಗೂ ಮಹಾ ಸ್ಥೂಲಕಾಯ. 1782ರ ಜುಲೈ ಕೊನೆಯಲ್ಲಿ ಕಡಲೂರಿನ ಹತ್ತಿರ ಹೈದರನ ಡೇರೆಗೆ ಬಂದ. ದರ್ಬಾರಿನ ಪದ್ಧತಿ ಪ್ರಕಾರ ನೆಲದ ಮೇಲೆ ಚಕ್ಕಲಮಕ್ಕಲ ಕೂರಬೇಕು. ಆ ಮೈ ಮಡಚಿಕೊಳ್ಳುವುದುಂಟೆ? ಒದ್ದಾಡಿದ. ಹೈದರ್ ನೋಡಿದ, ದಿಂಬುಗಳನ್ನು ತರಿಸಿ ಹಾಕಿಸಿದ, ಪದ್ಧತಿ ಗಿದ್ಧತಿ ನಿನ್ನಂಥವನಿಗಲ್ಲ, ಹೇಗೆ ಅನುಕೂಲವೋ ಹಾಗೆ ಕೂತುಕೋ ಎಂದನಂತೆ. ನಮ್ಮ ಹಡಗುಗಳನ್ನು ನೋಡಲು ಬನ್ನಿ ಎಂದು ಸುಫ್ರೆನ್ ಕರೆದರೆ, ನಿನ್ನನ್ನು ನೋಡಲು ಬಂದೆ, ನೋಡಿದೆ, ಇನ್ನು ನೋಡುವಂಥದ್ದೇನಿದೆ ಎಂಬ ಉತ್ತರ. ಆ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡ. ಶ್ರೀರಂಗಪಟ್ಟಣಕ್ಕೆ ಒಯ್ಯುವ ಮೊದಲು ದೇಹವನ್ನು ಇಟ್ಟದ್ದು ನಮ್ಮ ಕೋಲಾರದಲ್ಲಿ, ಅವರಪ್ಪನ ಸಮಾಧಿಯ ಪಕ್ಕ.

ದಿಂಬಿನ ವಿಷಯ ಹೇಳುವಾಗ ನಾನು ಸಿಮೆಂಟು ಚೀಲದ ಮೇಲೆ ಕೂತಿದ್ದೆ. ಚೀಲ ಸವೆದಿತ್ತೆಂದು ಅದರ ಮೇಲೆ ಇನ್ನೊಂದು ಹೊಸದು ಹಾಸಿದ್ದರು. ಆಚಾರ್ರು ಅಮ್ಮನವರ ಕಣ್ಣಿನ ಕೆಲಸದಲ್ಲಿದ್ದರು, ತಲೆ ಎತ್ತಲಿಲ್ಲ.

ಕಳೆದ ವಾರ ನಾನು ಹೋದಾಗ ಶೆಡ್ಡಿನ ಮುಂದೆ ಕಾರು ನಿಂತಿತ್ತು. ಬೆಂಗಳೂರಿನವರು, ತೋಟದ ಮನೆಗೆ ಅಲಂಕಾರಕ್ಕೆ ಏನಾದರೂ ಬೇಕಂತೆ. ಮೂಲೆಯ ದ್ವಾರಪಾಲಕ ಕಣ್ಣಿಗೆ ಬಿದ್ದಿದ್ದಾನೆ. ಮುರಿದದ್ದಾದರೂ ಪರವಾಗಿಲ್ಲ, ಹಳೇ ಕಾಲದ್ದರ ಹಾಗೆ ಕಾಣುತ್ತದೆ, ಎಷ್ಟು ಹೇಳಿ ಎಂದರು. ಹೇಳಿದ ಬೆಲೆ ಕಡಿಮೆಯದೇನಲ್ಲ. ಆಚಾರ್ರು ಕೈಯೊರೆಸಿಕೊಂಡು, “ಅದು ಮಾರೋದಲ್ಲ ಸ್ವಾಮಿ” ಎಂದರು. ಯಾಕೆ, ಯಾರಾದರೂ ಅಡ್ವಾನ್ಸ್ ಕೊಟ್ಟಿದ್ದಾರಾ? ಆಚಾರ್ರು ನನ್ನ ಕಡೆ ನೋಡಿ ಸುಮ್ಮನಾದರು. ಕಾರು ಹೋಯಿತು.

ಟೀ ಬಂತು. ಹುಡುಗ ಕೈಯಲ್ಲಿದ್ದ ಒದ್ದೆ ಟವಲನ್ನು ಎಲ್ಲಿ ಹಾಕಲೆಂದು ಸುತ್ತ ನೋಡಿದ.

“ನೆಲ್ಸನ್ ಮ್ಯಾಲೆ ಹಾಕೋ” ಎಂದರು ಆಚಾರ್ರು, ಚಾಣ ಎತ್ತಿಕೊಳ್ಳುತ್ತಾ. “ಎಡಗೈ ಮ್ಯಾಲೆ.”